ಸಿಲಿಕೋನ್ ಗ್ರೀಸಿನ ಟ್ಯೂಬಿನ ಮೇಲಿರುವ ‘ಇತ್ಯಾದಿ’ಯನ್ನು ಕುರಿತು

ಬಳಕೆಯ ಸೂಚನೆಗಳನ್ನು ಬರೆಯುವ ಅಧಿಕಾರಿಗಳ ಸನ್ನಿಧಿಗೆ,
ಸಿಲಿಕೋನ್ ಗ್ರೀಸ್ ತಯಾರಿಸುವ ಸಂಸ್ಥೆ.
(ತಮ್ಮ ಸಂಸ್ಥೆಯ ಹೆಸರು ಟ್ಯೂಬಿನ ಕತ್ತಿನ ಹತ್ತಿರ ಅಚ್ಚಾಗಿತ್ತು. ಮುಚ್ಚಳ ತೆಗೆಯಲು ಪ್ರತಿ ಸಲವೂ ಅಲ್ಲಿಗೇ ಇಕ್ಕಳ ಹಾಕಬೇಕಾಗಿ ಬಂದದ್ದರಿಂದ ಈಗ ಅದು ಓದಲು ಬರುವುದಿಲ್ಲ. ಕ್ಷಮೆಯಿರಲಿ.)

ಮಾನ್ಯರೇ,

ತಾವು, ತಮ್ಮ ಮನೆಯವರು, ತಮ್ಮ ಕಾರ್ಖಾನೆಯ ಯಂತ್ರಗಳು ಮತ್ತು ಆ ಯಂತ್ರಗಳ ತಿರುಗುವ, ಜಾರುವ, ಮಡಚುವ ಸಮಸ್ತ ಭಾಗಗಳು ಎಲ್ಲೂ ಕಿರುಗುಟ್ಟದೆ, ಎಲ್ಲೂ ಸಿಕ್ಕಿಕೊಳ್ಳದೆ ಕ್ಷೇಮವಾಗಿರುವಿರೆಂದು ನಂಬಿ, ಬಿಡುವಾದಾಗ ಓದಬಹುದಾದ ಈ ಪತ್ರವನ್ನು, ತಾವು ಓದದಿದ್ದರೂ ಬೇಸರ ಮಾಡಿಕೊಳ್ಳದ ಮನಸ್ಸಿನಿಂದ ಬರೆಯುತ್ತಿದ್ದೇನೆ. ಇದನ್ನು ಲಕೋಟೆಯೊಳಗಿಟ್ಟು ತಮಗೊಬ್ಬರಿಗೇ ಕಳಿಸದೆ ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಒಂದು ಕಾರಣವಿದೆ. ಅದನ್ನು ಮೊದಲಿಗೇ ಹೇಳುವ ಧೈರ್ಯ ನನಗಿಲ್ಲ. ಬರೆಯುತ್ತ ಬರೆಯುತ್ತ ಬರಬಹುದೆಂಬ ಆಸೆಯಿದೆ.

ಮೊದಲು ನನ್ನ ಪರಿಚಯ. ಐದು ತಿಂಗಳ ಹಿಂದೆ ನಿವೃತ್ತನಾದ ಗುಮಾಸ್ತ ನಾನು. ಕಚೇರಿಯ ನಿಯಮಾವಳಿ ವಿಭಾಗದಲ್ಲಿ ಮೂವತ್ತೊಂದು ವರ್ಷ ಒಂದೇ ಕುರ್ಚಿಯಲ್ಲಿ ಕುಳಿತವನು. ಮೇಲಿನಿಂದ ಬಂದ ಸುತ್ತೋಲೆಯಲ್ಲಿ ‘ಮೇಜು, ಕುರ್ಚಿ, ಬೀರು ಇತ್ಯಾದಿ’ ಎಂದಿದ್ದರೆ, ಆ ಇತ್ಯಾದಿಯೊಳಗೆ ಗೋಡೆ ಗಡಿಯಾರ ಸೇರುತ್ತದೆಯೇ, ನೀರಿನ ಹೂಜಿ ಸೇರುತ್ತದೆಯೇ, ಹೂಜಿ ಸೇರಿದರೆ ಅದರ ಮುಚ್ಚಳವನ್ನು ಬೇರೆಯಾಗಿ ಬರೆಯಬೇಕೇ ಎಂದು ತೀರ್ಮಾನಿಸುವುದು ನನ್ನ ಕೆಲಸವಾಗಿತ್ತು. ನಾನು ಉದಾರಿ. ನನ್ನ ಕಾಲದಲ್ಲಿ ಯಾವ ವಸ್ತುವೂ ಇತ್ಯಾದಿಯ ಬಾಗಿಲು ತಟ್ಟಿ ಬರಿಗೈಯಲ್ಲಿ ಹಿಂದಿರುಗಲಿಲ್ಲ. ಅದಕ್ಕೇ ಕಚೇರಿಯವರೆಲ್ಲ ನನ್ನನ್ನು ‘ಇತ್ಯಾದಿ ಸಾಹೇಬರು’ ಎನ್ನುತ್ತಿದ್ದರು. ಬೀಳ್ಕೊಡುಗೆಯ ದಿನ ಹಾರದ ಜೊತೆ ಕೊಟ್ಟ ಫಲಕದ ಮೇಲೂ ಅದನ್ನೇ ಕೆತ್ತಿಸಿದ್ದರು. ಇಂಥ ಮನುಷ್ಯನ ಕೈಗೆ ತಮ್ಮ ಟ್ಯೂಬು ಬಂದದ್ದು ನನ್ನ ಗ್ರಹಚಾರವೋ ತಮ್ಮದೋ ಎಂಬುದನ್ನು ತಾವೇ ನಿರ್ಧರಿಸಬೇಕು.

ಟ್ಯೂಬನ್ನು ತಂದವಳು ನನ್ನ ಮಗಳು. ನೀರು ಪರೀಕ್ಷಿಸುವ ಪ್ರಯೋಗಾಲಯವೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಅದು ಊರಿನ ಇನ್ನೊಂದು ತುದಿಯಲ್ಲಿದೆ. ನಾನು ಇಪ್ಪತ್ತು ವರ್ಷದಿಂದ ಓಡಿಸುತ್ತಿದ್ದ ಮೋಟರ್‌ಸೈಕಲ್ಲನ್ನು ಅವಳಿಗೆ ಬಿಟ್ಟುಕೊಡುವುದೆಂದು ಮನೆಯಲ್ಲಿ ನನ್ನನ್ನು ಕೇಳದೆಯೇ ತೀರ್ಮಾನವಾಗಿತ್ತು. ಮುಂದಿನ ಚಕ್ರದ ಬ್ರೇಕು ಹಿಡಿದರೆ ಬಿಡುತ್ತಿರಲಿಲ್ಲ. ಮಗಳು ಟ್ಯೂಬನ್ನು ನನ್ನ ಕೈಗಿಟ್ಟು, “ಅಪ್ಪಾ, ಬ್ರೇಕ್ ಜಾರೋ ಪಿನ್ನಿಗೆ ಮಾತ್ರ ಹಚ್ಚಿ. ಕಡಲೆಕಾಳಿನಷ್ಟು ಸಾಕು. ಡಿಸ್ಕಿಗೆ ತಾಗಿಸಬೇಡಿ,” ಎಂದು ಹೇಳಿ ಹೋದಳು. ಅವಳು ಹೇಳಿದಂತೆಯೇ ಮಾಡಿದೆ. ಪಿನ್ನನ್ನು ಬಿಚ್ಚಿ, ಹಳೆಯ ಜಿಡ್ಡನ್ನು ಒರೆಸಿ, ಕಡಲೆಕಾಳಿನಷ್ಟು ಸವರಿ ಕೂರಿಸಿದೆ. ಮಾನ್ಯರೇ, ಬ್ರೇಕು ಹಿಡಿಯಿತು, ಬಿಟ್ಟಿತು. ಮತ್ತೆ ಹಿಡಿಯಿತು, ಮತ್ತೆ ಬಿಟ್ಟಿತು. ಅಂಗಳದಲ್ಲಿ ಮೋಟರ್‌ಸೈಕಲ್ಲನ್ನು ಮುಂದಕ್ಕೂ ಹಿಂದಕ್ಕೂ ತಳ್ಳುತ್ತ ನಾನು ಅರ್ಧ ಗಂಟೆ ಆ ಸುಖವನ್ನು ಅನುಭವಿಸಿದೆ. ಸ್ಪಾರ್ಕ್ ಪ್ಲಗ್ಗಿನ ರಬ್ಬರ್ ಟೋಪಿಯ ಒಳಗಂಚಿಗೆ ತುಸು ಸವರಿದೆ. ನೀರು ಚಿಮ್ಮಿದಾಗಲೆಲ್ಲ ಕೆಮ್ಮಿ ನಿಲ್ಲುತ್ತಿದ್ದ ಬಂಡಿ, ಬಕೆಟ್ಟಿನಿಂದ ನೀರು ಹುಯ್ದರೂ ನಿಲ್ಲಲಿಲ್ಲ. ಇಲ್ಲಿಗೆ ನಾನು ನಿಲ್ಲಿಸಿದ್ದರೆ ಇದು ಬರಿಯ ಕೃತಜ್ಞತಾ ಪತ್ರವಾಗಿರುತ್ತಿತ್ತು.

ಆದರೆ ತಾವು ನಿಲ್ಲಿಸಲು ಬಿಡಲಿಲ್ಲ. ಟ್ಯೂಬಿನ ಹೊಟ್ಟೆಯ ಮೇಲೆ ದಪ್ಪ ಅಕ್ಷರಗಳಲ್ಲಿ ‘ಮೋಟರ್‌ಸೈಕಲ್, ನಲ್ಲಿ, ಕಿಟಕಿ, ಬಾಗಿಲು, ರಬ್ಬರ್ ಭಾಗಗಳು ಇತ್ಯಾದಿಗಳಿಗೆ’ ಎಂದು ಬರೆದಿದ್ದಿರಿ. ಐದು ತಿಂಗಳಿಂದ ಯಾವ ಸುತ್ತೋಲೆಯನ್ನೂ ಕಾಣದೆ ಒಣಗಿಹೋಗಿದ್ದ ನನ್ನ ಕಣ್ಣಿಗೆ ಆ ಪದ ಬಿದ್ದಾಗ ಆದ ಸಂತೋಷವನ್ನು ಬಾಯಿಬಿಟ್ಟು ಹೇಳುವುದು ಕಷ್ಟ. ಮೂವತ್ತೊಂದು ವರ್ಷ ಬೇರೆಯವರಿಗಾಗಿ ಇತ್ಯಾದಿಯನ್ನು ಹಿಗ್ಗಿಸಿದವನಿಗೆ ಕಡೆಗೂ ಸ್ವಂತಕ್ಕೊಂದು ಸಿಕ್ಕಿತ್ತು.

ನಲ್ಲಿಗಳಿಂದ ಶುರುಮಾಡಿದೆ. ಬಿಚ್ಚಿ, ಒಳಗಿನ ರಬ್ಬರ್ ಬಳೆಗೆ ಸವರಿ ಹಾಕಿದ ಮೇಲೆ, ಎರಡು ಕೈ ಹಾಕಿ ತಿರುಗಿಸಬೇಕಿದ್ದ ನಲ್ಲಿ ಕಿರುಬೆರಳಿನ ಮಾತು ಕೇಳತೊಡಗಿತು. ಕಿಟಕಿಗಳು ಸರಾಗವಾಗಿ ಸರಿದವು. ಇವೆಲ್ಲ ಪಟ್ಟಿಯಲ್ಲಿದ್ದವು. ಪಟ್ಟಿ ಮುಗಿದ ಮೇಲೆ ಇತ್ಯಾದಿಗೆ ಇಳಿದೆ. ಬೀರುವಿನ ಖಾನೆಗೆ ಹಚ್ಚಿದೆ. ಮರುದಿನ ಕರವಸ್ತ್ರಕ್ಕಾಗಿ ಎಂದಿನಂತೆ ಎಳೆದಾಗ ಖಾನೆ ಪೂರಾ ಹೊರಬಂದು ನನ್ನ ಪಾದದ ಮೇಲೆ ಕುಳಿತಿತು. ಹೆಬ್ಬೆರಳು ಒಂದು ವಾರ ಬದನೆಕಾಯಿಯ ಬಣ್ಣದಲ್ಲಿತ್ತು. ಬಚ್ಚಲುಮನೆಯ ಚಿಲಕಕ್ಕೆ ಹಚ್ಚಿದೆ. ಗಾಳಿಗೆ ಬಾಗಿಲು ಬಡಿದುಕೊಂಡ ರಭಸಕ್ಕೆ ಚಿಲಕ ತಾನಾಗಿಯೇ ಕೆಳಗೆ ಬಿದ್ದು, ಒಳಗೆ ಯಾರೂ ಇಲ್ಲದೆಯೇ ಒಳಗಿನಿಂದ ಬೀಗ ಬಿದ್ದಂತಾಯಿತು. ಇಲ್ಲದವರು ಬಾಗಿಲು ತೆಗೆಯುವುದನ್ನು ಮೂವರೂ ಸಾಲಾಗಿ ನಿಂತು ಕಾದೆವು. ಕೊನೆಗೆ ಮಗಳು ಏಣಿ ಹಾಕಿ ಮೇಲಿನ ಕಿಂಡಿಯಿಂದ ಇಳಿದಳು. ಅಡುಗೆಮನೆಗೆ ಮಾತ್ರ ನನ್ನಾಕೆ ಟ್ಯೂಬನ್ನು ಬಿಟ್ಟುಕೊಳ್ಳಲಿಲ್ಲ. ಹೊಸ್ತಿಲಲ್ಲಿ ಸೌಟು ಹಿಡಿದು ನಿಂತು, “ಇಲ್ಲಿ ನಿಮ್ಮ ಇತ್ಯಾದಿ ನಡೆಯಲ್ಲ,” ಎಂದಳು.

ಆಮೇಲೆ ಮೋಟರ್‌ಸೈಕಲ್ಲಿನ ಸೀಟು. ಹೊಳಪು ಬರಲೆಂದು ಸವರಿದೆ. ಹೊಳಪೂ ಬಂತು. ಅದೇ ಸಂಜೆ ನನ್ನಾಕೆಯನ್ನು ಹಿಂದೆ ಕೂರಿಸಿಕೊಂಡು ಪೇಟೆಗೆ ಹೊರಟೆ. ತಮ್ಮ ಕೃಪೆಯಿಂದ ಅಷ್ಟು ಚೆನ್ನಾಗಿ ಹಿಡಿಯುತ್ತಿದ್ದ ಬ್ರೇಕನ್ನು ನಾನು ಮುಟ್ಟಿದಾಗಲೆಲ್ಲ ಅವಳು ಸರ್ರನೆ ಜಾರಿ ಬಂದು ನನ್ನನ್ನು ಟ್ಯಾಂಕಿನ ಮೇಲೆ ಕೂರಿಸುತ್ತಿದ್ದಳು. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷವಾದರೂ ನಾವಿಬ್ಬರೂ ನಡುಬೀದಿಯಲ್ಲಿ ಅಷ್ಟು ಹತ್ತಿರವಾದದ್ದಿಲ್ಲ. ಮೂರನೆಯ ಸಿಗ್ನಲ್ಲಿನಲ್ಲಿ ಅವಳು ಇಳಿದು ಬಸ್ಸು ಹತ್ತಿದಳು. ಆಕ್ಸಿಲರೇಟರ್ ಹಿಡಿಕೆಯ ರಬ್ಬರು ಸುಲಭವಾಗಿ ತೂರಲೆಂದು ಅದರೊಳಗೂ ಸವರಿದ್ದೆ. ಅದು ದಾರಿಯಲ್ಲೇ ಸಡಿಲವಾದ್ದರಿಂದ ಹಸಿರು ದೀಪ ಬಂದಾಗ ನಾನೆಷ್ಟೇ ತಿರುವಿದರೂ ರಬ್ಬರು ತಿರುಗಿತೇ ಹೊರತು ಬಂಡಿ ಕದಲಲಿಲ್ಲ. ಬಸ್ಸಿನ ಕಿಟಕಿಯಿಂದ ಅವಳು ನನ್ನನ್ನು ನೋಡಿದಳು, ನೋಡಿ ಮುಖವನ್ನು ಆ ಕಡೆಗೆ ತಿರುಗಿಸಿಕೊಂಡಳು.

ಇಷ್ಟೇ ಆಗಿದ್ದರೆ, ಮಾನ್ಯರೇ, ನಗುತ್ತ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆ. ಈಗ ನನ್ನ ಭಾವಮೈದನ ವಿಷಯಕ್ಕೆ ಬರುತ್ತೇನೆ. ಇಲ್ಲಿಂದ ಮುಂದೆ ನನ್ನ ಕೈಬರಹ ಸ್ವಲ್ಪ ಕೆಟ್ಟಿರಬಹುದು.

ನನ್ನಾಕೆಯ ತಮ್ಮ ವಾಹನಗಳಿಗೆ ಬಣ್ಣ ಹೊಡೆಯುವವನು. ಮೂವತ್ತೈದು ವರ್ಷದ ಕಸುಬು. ನಮ್ಮ ಬೀದಿಯ ಕೊನೆಯಲ್ಲಿ, ತಗಡಿನ ಶಟರ್ ಇರುವ ಬಾಡಿಗೆಯ ಷೆಡ್ಡು ಅವನದು. ಅವನು ಬಣ್ಣ ಹೊಡೆದ ಕಾರಿನ ಬಾಗಿಲಲ್ಲಿ ಮುಖ ನೋಡಿಕೊಂಡು ತಲೆ ಬಾಚಿಕೊಳ್ಳಬಹುದು. ಅದಕ್ಕೇ ಎಲ್ಲರೂ ಅವನನ್ನು ‘ಕನ್ನಡಿ ಮೇಸ್ತ್ರಿ’ ಎನ್ನುತ್ತಾರೆ. ಗನ್ನು ಹಿಡಿದು ಬಣ್ಣ ಚಿಮ್ಮಿಸುವಾಗ ಮೂಗಿನಲ್ಲೇ ಏನೋ ಒಂದು ರಾಗ ಗುನುಗುತ್ತಿರುತ್ತಾನೆ. ಆ ರಾಗ ಯಾವುದೆಂದು ಅವನಿಗೂ ಗೊತ್ತಿಲ್ಲ, ಆದರೆ ಅದು ನಿಂತರೆ ಕೈಯೂ ನಿಲ್ಲುತ್ತದೆ. ಅಕ್ಕನ ಮಗಳ ಮೊದಲ ದಿನದ ಕೆಲಸಕ್ಕೆ ಹಳೆಯ ಟ್ಯಾಂಕಿಗೆ ಹೊಸ ನೀಲಿ ಬಣ್ಣ ಹೊಡೆದು ಕೊಡುತ್ತೇನೆಂದು ಅವನೇ ಮುಂದೆ ಬಂದ.

ಟ್ಯಾಂಕನ್ನು ಬಿಚ್ಚಿ ಒಯ್ದವನು ನಾನು. ಕೊಳಕು ಟ್ಯಾಂಕನ್ನು ಕೊಟ್ಟರೆ ಏನಂದುಕೊಂಡಾನೋ ಎಂದು, ಹೊರಡುವ ಮುಂಚೆ ಒಂದು ಹಳದಿ ಬಟ್ಟೆಗೆ ತಮ್ಮ ಗ್ರೀಸು ಹಚ್ಚಿ ಟ್ಯಾಂಕನ್ನು ಚೆನ್ನಾಗಿ ತಿಕ್ಕಿದೆ. ಷೆಡ್ಡಿನಲ್ಲಿ ಅವನು ಚಹಾ ತರಲು ಹೋದಾಗ, ಸುಮ್ಮನೆ ಕೂರುವುದೇಕೆಂದು ಅವನ ಶಟರಿನ ಎರಡೂ ಬದಿಯ ಕಂಬಿಗೆ ಸವರಿ, ಕೈಗೆ ಹತ್ತಿದ್ದನ್ನು ತಗಡಿಗೂ ಒರೆಸಿ, ಅದಕ್ಕೂ ಹೊಳಪು ತಂದೆ. ಹೊರಡುವಾಗ ಆ ಹಳದಿ ಬಟ್ಟೆಯನ್ನು ಮಡಚಿ ಅವನ ಕೈಗಿಟ್ಟು, “ಇದು ಚೆನ್ನಾಗಿ ಒರೆಸತ್ತೆ, ಇಟ್ಕೋ,” ಎಂದು ಹೇಳಿದೆ. ಭಾವ ಕೊಟ್ಟದ್ದೆಂದು ಅವನು ಅದನ್ನೇ ಇಟ್ಟುಕೊಂಡ.

ಮೊದಲ ಪದರ ಹೊಡೆದ. ಹೊಡೆದ ಕ್ಷಣದಲ್ಲೇ ಬಣ್ಣ ಅಲ್ಲಲ್ಲಿ ಹಿಂದೆ ಸರಿದು, ಟ್ಯಾಂಕಿನ ತುಂಬ ಮೀನಿನ ಕಣ್ಣಿನಂಥ ಸಣ್ಣ ಸಣ್ಣ ಕುಳಿಗಳು ತೆರೆದುಕೊಂಡವು. ಉಜ್ಜಿ ತೆಗೆದ, ಹಳದಿ ಬಟ್ಟೆಯಿಂದ ಒರೆಸಿದ, ಮತ್ತೆ ಹೊಡೆದ. ಕುಳಿಗಳು ಇನ್ನೂ ಹೆಚ್ಚಿದವು. ಮೂರನೆಯ ಸಲವೂ ಹಾಗೆಯೇ ಆಯಿತು. ಟ್ಯಾಂಕಿನ ದೋಷವಿರಬೇಕೆಂದು ಅದನ್ನು ಬದಿಗಿಟ್ಟು ಹಲ್ಲಿನ ಡಾಕ್ಟರ ಕಾರಿನ ಬಾಗಿಲು ಹಿಡಿದ. ಅದನ್ನೂ ಅದೇ ಬಟ್ಟೆಯಿಂದ ಒರೆಸಿದ್ದರಿಂದ ಅದರಲ್ಲೂ ಕುಳಿ ಬಿತ್ತು. ಆಮೇಲೆ ಒಂದು ಸ್ಕೂಟರಿನ ಮಡ್‌ಗಾರ್ಡಿನಲ್ಲೂ ಬಿತ್ತು. ಎಂಟು ದಿನದಲ್ಲಿ ಅವನ ಕೈಯಿಂದ ಒಂದೇ ಒಂದು ಕನ್ನಡಿ ಹೊರಬರಲಿಲ್ಲ.

ಬಣ್ಣದ ಡಬ್ಬಿ ಬದಲಾಯಿಸಿದ, ಗಾಳಿಯ ಪಂಪು ಬದಲಾಯಿಸಿದ. ಬದಲಾಯಿಸದೆ ಉಳಿದದ್ದು ಅವನ ಕೈಯೊಂದೇ. ನಾನು ಹೋದಾಗ ಬಾಗಿಲ ಬೆಳಕಿಗೆ ಬಲಗೈಯನ್ನು ಚಾಚಿ ಹಿಡಿದು, ಅದು ನಡುಗುತ್ತದೆಯೇ ಎಂದು ನೋಡುತ್ತಿದ್ದ. “ಕೈ ಸೋತು ಹೋಯ್ತು ಭಾವ,” ಎಂದ. “ಇನ್ನು ಗೋಡೆಗೆ ರೋಲರ್ ಎಳೀತೀನಿ. ಅದಕ್ಕೆ ಕೈಗುಣ ಬೇಕಿಲ್ಲ.” ಬಣ್ಣದ ಗನ್ನನ್ನು ತೊಳೆದು, ಒಣಗಿಸಿ, ಹಳೆಯ ಪೇಪರಿನಲ್ಲಿ ಸುತ್ತಿ ಮೇಲಿನ ಹಲಗೆಯ ಮೇಲಿಟ್ಟಿದ್ದ. ಡಾಕ್ಟರಿಗೆ ಬೇರೆ ಕಡೆ ತೋರಿಸಿಕೊಳ್ಳಲು ಹೇಳಿ ಕಳಿಸಿದ್ದ. ಬರುವ ಭಾನುವಾರ ಸಂಜೆ ಷೆಡ್ಡಿನ ಕೀಲಿಯನ್ನು ಮಾಲೀಕರಿಗೆ ಒಪ್ಪಿಸುವುದೆಂದು ಮಾತಾಗಿತ್ತು. ನನ್ನಾಕೆ ಮನೆಯಲ್ಲಿ ತಮ್ಮನ ವಯಸ್ಸು ಲೆಕ್ಕ ಹಾಕಿ ಕಣ್ಣೀರು ಹಾಕಿದಳು. ನಾನು, ಏನೂ ಅರಿಯದವನಾದ್ದರಿಂದ, ವಯಸ್ಸಾದ ಮೇಲೆ ಇವೆಲ್ಲ ಸಹಜವೆಂದು ಸಮಾಧಾನ ಹೇಳಿದೆ.

ಮೊನ್ನೆ ಗುರುವಾರ ನನ್ನಾಕೆ ಕಸ ಗುಡಿಸಲು ನನ್ನ ಬರೆಯುವ ಮೇಜನ್ನು ಸರಿಸಿದಳು. ಅದರ ಒಂದು ಕಾಲು ಗಿಡ್ಡ. ಕೆಳಗೆ ಕಾಗದ ಮಡಚಿ ಇಟ್ಟಿರುತ್ತೇನೆ. ಆ ಕಾಗದ ತಮ್ಮದು. ಟ್ಯೂಬಿನ ಡಬ್ಬಿಯೊಳಗೆ ತಾವು ಎಂಟು ಮಡಿಕೆ ಹಾಕಿ ಇಟ್ಟಿದ್ದ ಸೂಚನಾಪತ್ರವನ್ನು ನಾನು ಬಿಚ್ಚದೆಯೇ, ಅಳತೆ ಸರಿಯಾಗಿದೆಯೆಂದು ಮೆಚ್ಚಿ, ಮೇಜಿನ ಕಾಲಿಗೆ ಕೊಟ್ಟಿದ್ದೆ. ಈಗ ಬಿಚ್ಚಿದೆ. ಭೂತಗನ್ನಡಿ ಹಿಡಿದು ಓದಿದೆ. ಏಳನೆಯ ಸೂಚನೆ: ‘ಬಣ್ಣ ಹೊಡೆಯಬೇಕಾದ ವಸ್ತುವಿಗಾಗಲಿ, ಅದನ್ನು ಒರೆಸುವ ಬಟ್ಟೆಗಾಗಲಿ ಸೋಕಿಸಬೇಡಿ. ಲವಲೇಶ ಸೋಕಿದರೂ ಬಣ್ಣ ಹಿಡಿಯದೆ ಕುಳಿ ಬೀಳುತ್ತದೆ. ಅಂಟು, ಟೇಪು ಯಾವುದೂ ಹತ್ತುವುದಿಲ್ಲ.’

ಮಾನ್ಯರೇ, ಇಲ್ಲಿ ನನ್ನ ದೂರಿಗೆ ಒಂದು ಸಣ್ಣ ತೊಂದರೆ ಎದುರಾಗಿದೆ. ತಾವು ಎಚ್ಚರಿಸಲಿಲ್ಲವೆಂದು ದೂರಲು ಹೊರಟವನು ನಾನು. ತಾವು ಎಚ್ಚರಿಸಿದ್ದೀರಿ, ಬಟ್ಟೆಯನ್ನೂ ಬಿಡದೆ. ಆದ್ದರಿಂದ ದೂರನ್ನು ಹೀಗೆ ತಿದ್ದಿಕೊಂಡಿದ್ದೇನೆ: ತಾವು ಎಚ್ಚರಿಸಿದ್ದು ತಪ್ಪು. ಎಚ್ಚರಿಸದೆ ಇದ್ದಿದ್ದರೆ ತಪ್ಪು ಪೂರ್ತಿಯಾಗಿ ತಮ್ಮದಾಗಿ, ನಾನು ಎದೆಯುಬ್ಬಿಸಿ ಷೆಡ್ಡಿಗೆ ಹೋಗಿ, ನೋಡಪ್ಪ ಎಂಥ ಸಂಸ್ಥೆಯಿದು ಎಂದು ತಮ್ಮನ್ನು ಬೈಯಬಹುದಿತ್ತು. ಗ್ರಾಹಕನ ಈ ಸಣ್ಣ ಅನುಕೂಲವನ್ನು ತಾವು ಯೋಚಿಸಲಿಲ್ಲ.

ಇನ್ನೊಂದು ಸಂಗತಿಯನ್ನೂ ತಮಗೆ ತಿಳಿಸಲೇಬೇಕು. ಹನ್ನೆರಡು ವರ್ಷದ ಹಿಂದೆ ಇದೇ ಭಾವಮೈದ ಷೆಡ್ಡಿನ ಪರವಾನಗಿಗಾಗಿ ಅರ್ಜಿ ಹಿಡಿದು ನನ್ನ ಕಚೇರಿಗೆ ಬಂದಿದ್ದ. ಅರ್ಜಿಯ ಹಿಂಬದಿಯ ಟಿಪ್ಪಣಿಯನ್ನು ಅವನು ಓದಿರಲಿಲ್ಲ. ಓದಿಕೊಂಡು ಬನ್ನಿ ಎಂದು, ಎಲ್ಲರೆದುರು, ಬಹುವಚನದಲ್ಲಿ, ಅವನನ್ನು ಮೂರು ಸಲ ವಾಪಸು ಕಳಿಸಿದ್ದೆ. ಸಂಬಂಧಿಕನೆಂದು ಸಡಿಲ ಬಿಡಲಿಲ್ಲವೆಂದು ಆ ದಿನ ನನಗೆ ಬಹಳ ಹೆಮ್ಮೆಯೆನಿಸಿತ್ತು. ಮನೆಗೆ ಬಂದು ಎರಡು ತುತ್ತು ಹೆಚ್ಚು ಉಂಡಿದ್ದೆ.

ಆದಕಾರಣ ಗುರುವಾರದಿಂದ ಇಂದು ಶನಿವಾರದವರೆಗೆ ನನ್ನ ಬಾಯಿಗೆ ಬೀಗ ಬಿದ್ದಿದೆ. ಎರಡು ಸಲ ಷೆಡ್ಡಿಗೆ ಹೋದೆ. ಮೊದಲ ಸಲ ಅವನ ಆರೋಗ್ಯ ವಿಚಾರಿಸಿ ಬಂದೆ. ಎರಡನೆಯ ಸಲ ಹಳದಿ ಬಟ್ಟೆಯನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡು ಬಂದೆ. ಹೀಗೆ ತಪ್ಪಿತಸ್ಥನ ಜೊತೆಗೆ ಕಳ್ಳನೂ ಆದೆ. ಬಟ್ಟೆ ಹೋಯಿತಲ್ಲ, ಇನ್ನು ಅವನ ಬಣ್ಣ ತಾನಾಗಿ ಸರಿಹೋಗಲಿ ಎಂದು ಆಸೆಪಟ್ಟೆ. ಆದರೆ ಗನ್ನನ್ನೇ ಕೆಳಗಿಳಿಸದವನ ಬಣ್ಣ ಸರಿಹೋಗುವುದಾದರೂ ಹೇಗೆ. ಅವನು ರಾಗ ಗುನುಗದೆ ಡಬ್ಬಿಗಳನ್ನು ಜೋಡಿಸಿಡುತ್ತಿದ್ದ. ತಪ್ಪು ನನ್ನದು, ಕೈ ಕಳೆದುಕೊಂಡವನು ಅವನು. ಇದನ್ನು ಬರೆಯುವಾಗ ನನಗೆ ನಿಜವಾಗಿ ನಾಚಿಕೆಯಾಗುತ್ತಿದೆ.

ಇನ್ನು ನನ್ನ ಬೇಡಿಕೆಗಳು. ತಾವು ಅಷ್ಟೆಲ್ಲ ಕಂಡುಹಿಡಿದವರು, ಸತ್ಯ ಹೇಳಬೇಕಾದ ಹೊತ್ತಿಗೆ ಸರಿಯಾಗಿ ಸಿಕ್ಕಿಕೊಳ್ಳುವ ಗಂಟಲಿಗೆ ಹಚ್ಚುವಂಥದ್ದನ್ನೊಂದು ಕಂಡುಹಿಡಿದು, ಸಾಧ್ಯವಾದರೆ ನಾಳೆ ಬೆಳಿಗ್ಗೆಯೊಳಗೆ ಒಂದು ಟ್ಯೂಬು ಕಳಿಸಿಕೊಡಬೇಕು. ಸಂಸ್ಥೆಯ ಹಿರಿಯರೊಬ್ಬರು ಕೋಟು ಧರಿಸಿ ಷೆಡ್ಡಿಗೆ ಬಂದು, ಈ ಕೈಗಳಲ್ಲಿ ಯಾವ ದೋಷವೂ ಇರುವುದಿಲ್ಲ ಎಂದು ಹಿತ್ತಾಳೆಯ ಫಲಕ ಹಾಕಿಸಬೇಕು. ಫಲಕದ ಹಿಂಬದಿಗೆ ದಯವಿಟ್ಟು ಗ್ರೀಸು ತಾಗಿಸಬೇಡಿ. ‘ಇತ್ಯಾದಿ’ ಎಂಬ ಪದವನ್ನು ನಿವೃತ್ತ ಗುಮಾಸ್ತರ ಕೈಗೆಟುಕದ ಜಾಗದಲ್ಲಿ ಅಚ್ಚುಮಾಡಬೇಕು. ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಜಗತ್ತಿನ ಸಕಲ ಬಿಗಿಯನ್ನೂ ಸಡಿಲಿಸುವ ಪದಾರ್ಥವನ್ನು ಇಟ್ಟುಕೊಂಡು ಇಕ್ಕಳವಿಲ್ಲದೆ ಬಿಚ್ಚದಿರುವ ಆ ಮುಚ್ಚಳಕ್ಕೆ ತಮ್ಮದೇ ಗ್ರೀಸನ್ನು ಕಡಲೆಕಾಳಿನಷ್ಟು ಹಚ್ಚಬೇಕು.

ಕೋಟಿನವರು ನಾಳೆಯೊಳಗೆ ಬರುವುದು ಅನುಮಾನವಾದ್ದರಿಂದ, ನಾನೇ ಒಂದು ಏರ್ಪಾಡು ಮಾಡಿಕೊಂಡಿದ್ದೇನೆ. ಈ ಪತ್ರ ಬಹಿರಂಗವಾದದ್ದು ಅದಕ್ಕಾಗಿಯೇ. ಇದರ ಪ್ರತಿಯನ್ನು ನಾಳೆ ಭಾನುವಾರ ಬೆಳಿಗ್ಗೆ, ಅವನು ಬರುವುದಕ್ಕೆ ಮುಂಚೆ, ಷೆಡ್ಡಿನ ಶಟರಿಗೆ ಟೇಪು ಹಾಕಿ ಅಂಟಿಸಿ, ಬೀದಿಯ ಈಚೆಗೆ ಬಂದುಬಿಡುತ್ತೇನೆ. ಅವನು ಓದಲಿ. ಎದುರಿಗೆ ನಿಂತು ಹೇಳಲು ನನ್ನಿಂದಾಗದು.

ತಮ್ಮ ಗ್ರೀಸಿನ ಗುಣದಲ್ಲಿ ಅಚಲ ನಂಬಿಕೆಯುಳ್ಳ, ತನ್ನ ಗುಣದಲ್ಲಿ ಅಷ್ಟಾಗಿ ನಂಬಿಕೆ ಉಳಿಯದ,

ತಮ್ಮ ವಿಶ್ವಾಸಿ,
‘ಇತ್ಯಾದಿ ಸಾಹೇಬರು’
(ನಿಯಮಾವಳಿ ವಿಭಾಗ, ನಿವೃತ್ತ)

ಪ್ರತಿ: ಕನ್ನಡಿ ಮೇಸ್ತ್ರಿಗಳಿಗೆ, ಷೆಡ್ಡಿನ ಶಟರಿನ ಮೂಲಕ.

ಮರೆತ ಮಾತು: ಭಾನುವಾರ ಮಧ್ಯಾಹ್ನ ಬರೆಯುತ್ತಿದ್ದೇನೆ. ಟೇಪು ಹತ್ತಲಿಲ್ಲ. ಆ ಶಟರನ್ನು ಹೊಳಪು ಮಾಡಿದವನು ನಾನೇ ಎಂಬುದು ನೆನಪಾಗುವಷ್ಟರಲ್ಲಿ ಅರ್ಧ ಸುರುಳಿ ಟೇಪು ಮುಗಿದಿತ್ತು. ಹಾಳೆಗಳು ಒಂದೊಂದಾಗಿ ಜಾರಿ ಕಾಲಬುಡದಲ್ಲಿ ಬಿದ್ದವು. ಆಯ್ದುಕೊಂಡು ಎರಡೂ ಕೈಯಿಂದ ಶಟರಿಗೆ ಒತ್ತಿ ಹಿಡಿದು ನಿಂತಿದ್ದಾಗ ಅವನು ಬಂದ. ಪತ್ರ ಬಿಟ್ಟರೆ ಬೀಳುತ್ತದೆ, ಬಿಡದಿದ್ದರೆ ಓಡುವಂತಿಲ್ಲ. ಅವನು ನಿಧಾನವಾಗಿ ಪೂರ್ತಿ ಓದಿದ. ಹಾಳೆ ಮುಗಿದಾಗಲೆಲ್ಲ ಗಲ್ಲವೆತ್ತಿ ಸನ್ನೆ ಮಾಡುತ್ತಿದ್ದ, ನಾನು ಮುಂದಿನದನ್ನು ಹಿಡಿಯುತ್ತಿದ್ದೆ. ಕಡೆಗೆ, “ಹಾಗಾದ್ರೆ ನನ್ನ ಕೈ ನೆಟ್ಟಗಿದೆ ಅನ್ನಿ,” ಎಂದ. ಆಮೇಲೆ ಷೆಡ್ಡಿನ ಮೆಟ್ಟಿಲ ಮೇಲೆ ಕುಳಿತು, “ಆ ಏಳನೇದು ಓದಿ ಭಾವ,” ಎಂದ. ಓದಿದೆ. ಮತ್ತೆ ಓದಿಸಿದ. ಮೂರು ಸಲ ಆದ ಮೇಲೆ ಸಾಕೆಂದ. ಷೆಡ್ಡಿನ ಕೀಲಿ ಅವನ ಜೇಬಿನಲ್ಲೇ ಇದೆ, ಗನ್ನು ಹಲಗೆಯಿಂದ ಇಳಿದಿದೆ. ಟ್ಯಾಂಕು, ಕಾರಿನ ಬಾಗಿಲು, ಮಡ್‌ಗಾರ್ಡು, ಶಟರು ಎಲ್ಲವನ್ನೂ ಹೊಸ ಬಟ್ಟೆ ಬದಲಾಯಿಸುತ್ತ ಐದೈದು ಸಲ ತಿನ್ನರಿನಲ್ಲಿ ತೊಳೆಯುವ ಕೆಲಸ ನನ್ನದಾಗಿದೆ. ಇವುಗಳ ಮುಂದೆ ಅವನು ‘ಇತ್ಯಾದಿ’ ಎಂದೂ ಸೇರಿಸಿದ್ದಾನೆ.

ಮತ್ತೂ ಒಂದು. ಇಷ್ಟೆಲ್ಲ ಮಾಡಿದ ವಸ್ತು ಯಾವುದೆಂದು ನೋಡಲು ಅವನು ಟ್ಯೂಬು ಕೇಳಿದ. ಕೊಟ್ಟು, ಇಕ್ಕಳಕ್ಕಾಗಿ ಜೇಬಿಗೆ ಕೈ ಹಾಕಿದೆ. ನಾನು ಇಕ್ಕಳ ಹೊರತೆಗೆಯುವಷ್ಟರಲ್ಲಿ ಅವನು ಬೀದಿಯ ಕಡೆ ನೋಡುತ್ತ, ಅದೇ ಹಳೆಯ ರಾಗವನ್ನು ಗುನುಗುತ್ತ, ಎರಡೇ ಬೆರಳಿನಲ್ಲಿ ಆ ಮುಚ್ಚಳವನ್ನು ಬಿಚ್ಚಿದ್ದ. ಆದ್ದರಿಂದ ಮುಚ್ಚಳದ ಬಗೆಗಿನ ನನ್ನ ಬೇಡಿಕೆಯನ್ನು ಹಿಂತೆಗೆದುಕೊಂಡಿದ್ದೇನೆ. ಹಿತ್ತಾಳೆಯ ಫಲಕವೂ ಬೇಡ. ದಯವಿಟ್ಟು ಮುಚ್ಚಳವನ್ನು ಈಗಿರುವುದಕ್ಕಿಂತ ಬಿಗಿಯಾಗಿಯೇ ಹಾಕಿ ಕಳಿಸಿ.